ಕವಿಗೋಷ್ಠಿಯಲ್ಲಿ ಕೇಳುಗನ ಸ್ಥಾನ



ಸಾಹಿತ್ಯವಿಮರ್ಶೆಯೆಂದರೆ ಅಚ್ಚಾಗಿ ಬಂದ ಗ್ರಂಥದ ಗುಣದೋಷಗಳ ವಿವೇಚನೆಯೆಂಬುದು ರೂಢಿ. ಈ ಪತ್ರಿಕೆಯ ಪುಟಗಳಲ್ಲಿಯೂ ಬಹುಮಟ್ಟಿಗೆ ಅಂಥ ಲೇಖನಗಳನ್ನೇ ತಾವು ಓದಿದ್ದೀರಿ. ಈ ಸಲ ನಾವು ಎತ್ತಿಕೊಂಡಿರುವುದು ಗ್ರಂಥವಾಗುವುದಕ್ಕೆ ಮುಂಚಿನ ಒಂದು ಹಂತವನ್ನು. ಹೊಸದಾಗಿ ಬರೆಯತೊಡಗಿದವನೊಬ್ಬನು ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದು ಹತ್ತು ಜನರ ಎದುರಿಗೆ ನಿಂತು ಓದುತ್ತಾನೆ. ಆ ಹತ್ತು ಜನ ಕೇಳುತ್ತಾರೆ, ಇಲ್ಲವೇ ಕೇಳಿದಂತೆ ಕುಳಿತಿರುತ್ತಾರೆ. ಅವನು ಮುಂದೆ ಲೇಖಕನಾಗುವನೋ ಇಲ್ಲವೋ ಎಂಬುದು ಅನೇಕ ವೇಳೆ ಅಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಇಷ್ಟು ಗುರುತರವಾದ ಸಂದರ್ಭವನ್ನು ಯಾರೂ ವಿಮರ್ಶೆಗೆ ಒಳಪಡಿಸದಿರುವುದು ಸೋಜಿಗದ ಸಂಗತಿ.

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ವ್ಯಾಸಂಗ ಮಾಡಿ, ಈಗ ದಕ್ಷಿಣಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ, ಐವರ್ನಾಡಿನ ಆಸುಪಾಸಿನಲ್ಲಿ ಅಧ್ಯಾಪಕರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಮಠಕ್ಕೆ ಬಂದಿದ್ದರು. "ಬುದ್ಧಿ, ನಮ್ಮೂರ ಕಡೆ ತಿಂಗಳಿಗೊಮ್ಮೆ ಹೊಸಬರ ಓದುಗೋಷ್ಠಿ ನಡೆಸುತ್ತಿದ್ದೇವೆ. ಒಮ್ಮೆ ತಾವು ದಯಮಾಡಿಸಿ ಅಧ್ಯಕ್ಷತೆ ವಹಿಸಬೇಕು" ಎಂದು ಕೇಳಿಕೊಂಡರು. ಬಯಲುಸೀಮೆಯ ಶಿಷ್ಯನೊಬ್ಬ ತುಳುನಾಡಿನ ಅಡಕೆತೋಟಗಳ ನಡುವೆ ಕನ್ನಡದ ಕೆಲಸ ಮಾಡುತ್ತಿರುವನಲ್ಲಾ ಎಂದು ಸಂತೋಷಪಟ್ಟು ಒಪ್ಪಿಕೊಂಡೆವು. ಅಲ್ಲಿ ಕಂಡುದನ್ನು, ಅದಕ್ಕಿಂತ ಹೆಚ್ಚಾಗಿ ಅಲ್ಲಿ ನಮ್ಮಿಂದಲೇ ಆದ ಲೋಪವನ್ನು, ಆಧಾರವಾಗಿಟ್ಟುಕೊಂಡು ಈ ವಿಚಾರವನ್ನು ತಮ್ಮ ಮುಂದಿಡುತ್ತಿದ್ದೇವೆ.

ಐವರ್ನಾಡು ಸುಳ್ಯ-ಬೆಳ್ಳಾರೆ ಮಾರ್ಗದ ಮೇಲಿರುವ ಗ್ರಾಮ. ಈ ಸೀಮೆ ನಮ್ಮ ಸಮಾಜದ ಚರಿತ್ರೆಗೆ ಅಪರಿಚಿತವಾದುದಲ್ಲ. ಕೆಳದಿಯ ನಾಯಕರ ಕೈಯಿಂದ ಹಾಲೇರಿಯ ಅರಸರ ಕೈಗೆ ಬಂದ ಅಮರ ಸುಳ್ಯ ಮಾಗಣೆಯು 1834ರಲ್ಲಿ ಕೊಡಗು ಇಂಗ್ಲಿಷರ ವಶವಾಗುವವರೆಗೆ ಆ ವೀರಶೈವ ಅರಸುಮನೆತನದ ಆಳ್ವಿಕೆಯಲ್ಲಿತ್ತು. ಬಳಿಕ ಕಂಪೆನಿ ಸರಕಾರ ಅದನ್ನು ದಕ್ಷಿಣಕನ್ನಡಕ್ಕೆ ಸೇರಿಸಿತು. ಕಂದಾಯವನ್ನು ಬೆಳೆಯ ಬದಲು ನಗದಾಗಿ ಕಟ್ಟಬೇಕೆಂದು ವಿಧಿಸಿತು. ಅದರಿಂದ ಹುಟ್ಟಿದ ಅಸಮಾಧಾನ 1837ರಲ್ಲಿ ದಂಗೆಯಾಗಿ ಎದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರಿನವರೆಗೂ ಹೋಯಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಅದರ ಮುಂದೆ ನಿಂತವನು ಪುಟ್ಟಬಸಪ್ಪ. ಜೊತೆಗೆ ನಿಂತವರು ಇಲ್ಲಿಯ ಗೌಡರೇ ಮೊದಲಾದ ರೈತಾಪಿ ಜನ. ಈ ಕಥೆಯನ್ನು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯಾಗಿ ಬರೆದ ನಿರಂಜನರೂ ಇದೇ ಸೀಮೆಯವರು. ಇಂದು ಕಡಬ ತಾಲೂಕಿಗೆ ಸೇರಿರುವ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದವರು. ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು ದಶಕಗಳ ಕಾಲ ನೆಲೆಸಿ ಬರೆದರು. 1930ರ ದಶಕದಲ್ಲಿ ದಸರೆಯ ನಾಡಹಬ್ಬವನ್ನು ನಡೆಸಿ ನಾಡಿನ ಸಾಹಿತಿಗಳನ್ನು ಆ ಸಣ್ಣ ಪೇಟೆಗೆ ಕರೆಸಿದರು. ಅದೇ ಪೇಟೆಯ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿಯವರು 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಇಂಥ ನೆಲದಲ್ಲಿ ಹೊಸ ಲೇಖಕರು ಹುಟ್ಟದಿದ್ದರೆ ದೋಷ ನೆಲದ್ದಲ್ಲ, ಆರೈಕೆಯದು ಎಂದು ಮೊದಲೇ ಹೇಳಿಬಿಡಬಹುದು.

ಗೋಷ್ಠಿಯು ಶಾಲೆಯೊಂದರ ಸಭಾಂಗಣದಲ್ಲಿ ಏರ್ಪಾಡಾಗಿತ್ತು. ಮೊದಲು ಅದರ ಗುಣವನ್ನು ಹೇಳಬೇಕು. ಗುಣವನ್ನು ಕಾಣದ ವಿಮರ್ಶೆ ವಿಮರ್ಶೆಯೇ ಅಲ್ಲ. ಓದಲು ಹೆಸರು ಕೊಟ್ಟವರಲ್ಲಿ ಅಡಕೆ ಕೃಷಿಕರಿದ್ದರು, ಗೃಹಿಣಿಯರಿದ್ದರು, ನಿವೃತ್ತರಾದ ಅಂಚೆ ನೌಕರರಿದ್ದರು, ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳಿದ್ದಳು, ಕಾಲೇಜಿನ ವಿದ್ಯಾರ್ಥಿಗಳಿದ್ದರು. ಒಬ್ಬರ ಮನೆಯ ಮಾತು ತುಳು, ಇನ್ನೊಬ್ಬರದು ಅರೆಭಾಷೆ, ಮತ್ತೊಬ್ಬರದು ಹವ್ಯಕ ಕನ್ನಡ. ಮಲಯಾಳ, ಕೊಂಕಣಿ, ಬ್ಯಾರಿ, ತಮಿಳು ಆಡುವವರೂ ಇದ್ದರು. ಇಷ್ಟು ಮನೆಮಾತುಗಳವರು ಕನ್ನಡದ ಒಂದೇ ಚಾವಡಿಯಲ್ಲಿ ಬಂದು ಕುಳಿತುದು ಸಣ್ಣ ಸಂಗತಿಯೇನಲ್ಲ. ಜಾತಿ, ಮತ, ಅಂತಸ್ತುಗಳ ಗಣನೆಯಿಲ್ಲದೆ, ಹೆಸರು ಕೊಟ್ಟವರಿಗೆಲ್ಲ ಧ್ವನಿವರ್ಧಕದ ಮುಂದೆ ಸಮಾನವಾದ ಸ್ಥಾನ ದೊರಕಿತು. ನಮ್ಮ ಶರಣರ ಆಶಯಕ್ಕೆ ಇದಕ್ಕಿಂತ ಹತ್ತಿರವಾದ ನೋಟವನ್ನು ಇತ್ತೀಚೆಗೆ ನಾವು ಕಂಡಿರಲಿಲ್ಲ.

ಇನ್ನು ದೋಷಗಳು. ಪಟ್ಟಿಯಲ್ಲಿ ಇಪ್ಪತ್ತೆಂಟು ಹೆಸರುಗಳಿದ್ದವು. ನಾಡಗೀತೆ, ಸ್ವಾಗತ, ದೀಪಪ್ರಜ್ವಲನ, ಪ್ರಾಸ್ತಾವಿಕ ನುಡಿ, ಗಣ್ಯರಿಗೆ ಶಾಲು-ಹಾರ ಇವೆಲ್ಲ ಮುಗಿದು ಮೊದಲ ಕವಿತೆ ಕೇಳಿಬರುವಾಗ ಗಂಟೆಯೊಂದು ಕಳೆದಿತ್ತು. ಒಬ್ಬೊಬ್ಬರಿಗೆ ಮೂರು ನಿಮಿಷವೆಂದು ಗೊತ್ತುಮಾಡಲಾಗಿತ್ತು. ಓದಿದವರು ಓದಿ, ಪ್ರಮಾಣಪತ್ರವನ್ನು ಪಡೆದು, ಭಾವಚಿತ್ರ ತೆಗೆಸಿಕೊಂಡು, ಸ್ವಲ್ಪ ಹೊತ್ತು ಮೊಬೈಲಿನಲ್ಲಿ ಆ ಚಿತ್ರವನ್ನು ನೋಡುತ್ತ ಕುಳಿತು, ಬಸ್ಸಿನ ವೇಳೆಯ ನೆಪದಿಂದ ಎದ್ದುಹೋದರು. ಬಂದವರಲ್ಲಿ ಬಹುತೇಕರು ಓದಲು ಬಂದವರೇ. ಕೇಳಲೆಂದು ಬಂದವರು ಓದುವವರ ಮನೆಯವರು. ತಮ್ಮವರ ಓದು ಆದೊಡನೆ ಅವರ ಕಿವಿಯ ಕೆಲಸವೂ ಮುಗಿಯಿತು. ಇಪ್ಪತ್ತೆಂಟನೆಯ ಹೆಸರನ್ನು ಕೂಗುವ ವೇಳೆಗೆ ಸಭಾಂಗಣದಲ್ಲಿ ಉಳಿದಿದ್ದವರು ವೇದಿಕೆಯ ಮೇಲಿದ್ದವರನ್ನು ಸೇರಿಸಿ ಹದಿಮೂರು ಮಂದಿ.

ಓದಿದ ಕವಿತೆಗಳಲ್ಲಿ ಅಮ್ಮನ ಮಮತೆ, ಕನ್ನಡಾಂಬೆಯ ಹಿರಿಮೆ, ಮಳೆಯ ಸೊಬಗು, ಸಮಾಜದ ಅನ್ಯಾಯ ಇವೇ ಮರುಕಳಿಸಿದವು. ವಸ್ತು ಹಳೆಯದೆಂಬುದು ನಮ್ಮ ಆಕ್ಷೇಪವಲ್ಲ. ತಾಯಿ ಎಂದಿಗೂ ಹಳೆಯ ವಸ್ತುವಾಗಲಾರಳು. ಆದರೆ ಆ ಕವಿತೆಗಳಲ್ಲಿದ್ದ ತಾಯಿಗೆ ಮುಖವಿರಲಿಲ್ಲ, ಕೈಗೆ ಕೆಲಸವಿರಲಿಲ್ಲ. ಐವರ್ನಾಡಿನ ತಾಯಿ ನಸುಕಿನಲ್ಲಿ ತೋಟಕ್ಕೆ ಇಳಿಯುತ್ತಾಳೆ, ಅಡಕೆ ಸುಲಿಯುತ್ತಾಳೆ, ಬೀಡಿ ಸುರುಟುತ್ತಾಳೆ, ಆಟಿ ತಿಂಗಳ ಮಳೆಯಲ್ಲಿ ಒದ್ದೆ ಸೌದೆಯೊಡನೆ ಹೋರಾಡುತ್ತಾಳೆ. ಅವಳು ಆಡುವ ಮಾತು ತುಳುವೋ ಅರೆಭಾಷೆಯೋ ಆಗಿರುತ್ತದೆ. ಮಗನ ಕವಿತೆಯಲ್ಲಿ ಮಾತ್ರ ಪಠ್ಯಪುಸ್ತಕದ ಕನ್ನಡವನ್ನು ಉಟ್ಟು, ಯಾವ ಊರಿನವಳೂ ಅಲ್ಲದವಳಾಗಿ ನಿಂತುಬಿಡುತ್ತಾಳೆ. ಶಾಲೆಯಲ್ಲಿ ಕಲಿತ ಕನ್ನಡವನ್ನು ಮನೆಯ ಅನುಭವಕ್ಕೆ ಬಗ್ಗಿಸುವ ಕೆಲಸ ಈ ಸೀಮೆಯ ಹೊಸ ಲೇಖಕನಿಗೆ ಇರುವ ಮೊದಲ ಪರೀಕ್ಷೆ. ಅರೆಭಾಷೆಗೆಂದೇ 2011ರಲ್ಲಿ ಸರಕಾರ ಅಕಾಡೆಮಿಯೊಂದನ್ನು ಸ್ಥಾಪಿಸಿದೆ, ತುಳುವಿಗೂ ಅಕಾಡೆಮಿಯಿದೆ. ಆ ದಿನ ಒಬ್ಬ ತರುಣನು ಅರೆಭಾಷೆಯಲ್ಲಿಯೇ ಹತ್ತು ಸಾಲುಗಳನ್ನು ಓದಿದಾಗ ಸಭೆ ತಾನಾಗಿ ನೆಟ್ಟಗೆ ಕುಳಿತುದನ್ನು ನಾವು ಗಮನಿಸಿದೆವು. ಭಾಷೆ ಪೂರ್ತಿ ತಿಳಿಯದ ನಮಗೂ ಅಲ್ಲಿ ಒಂದು ಮನೆ ಕಂಡಿತು.

ಇಷ್ಟೆಲ್ಲ ದೋಷಗಳನ್ನು ಎಣಿಸಿದ ನಾವು ಮಾಡಿದ್ದೇನು? ನಮ್ಮ ಜೋಳಿಗೆಯಲ್ಲಿ ಮಠದಿಂದಲೇ ಬರೆದು ತಂದ ಅಧ್ಯಕ್ಷಭಾಷಣವಿತ್ತು. ವಚನಸಾಹಿತ್ಯದ ಸಾಮಾಜಿಕ ಮೌಲ್ಯವೆಂಬ ವಿಷಯವಾಗಿ ನಲವತ್ತು ನಿಮಿಷ ಮಾತನಾಡಿದೆವು. ಆ ದಿನ ಓದಿದ ಇಪ್ಪತ್ತೆಂಟು ಮಂದಿಯಲ್ಲಿ ಒಬ್ಬರ ಹೆಸರನ್ನಾಗಲಿ, ಒಂದು ಸಾಲನ್ನಾಗಲಿ ನಾವು ಎತ್ತಲಿಲ್ಲ. ಎತ್ತಲು ನೆನಪಿನಲ್ಲಿ ಇರಲೂ ಇಲ್ಲ. ಕೊನೆಯ ಐದಾರು ಜನ ಓದುವಾಗ ನಮ್ಮ ಕಣ್ಣು ಭಾಷಣದ ಹಾಳೆಗಳ ಮೇಲಿತ್ತು. ಚಪ್ಪಾಳೆಯಾಯಿತು. ಅಧ್ಯಾಪಕರು ಭಕ್ತಿಯಿಂದ ನಮಸ್ಕರಿಸಿದರು. ಹೊರಡುವಾಗ ಅವರು ಒಂದು ಕಡತವನ್ನು ಕೊಟ್ಟು, "ಇವತ್ತು ಓದಿದವರ ಪ್ರತಿಗಳಿವು, ಬುದ್ಧಿ. ಬಿಡುವಾದಾಗ ತಾವೊಮ್ಮೆ ಕಣ್ಣಾಡಿಸಬೇಕು" ಎಂದರು.

ಮಠಕ್ಕೆ ಮರಳಿದ ಮೇಲೆ ಒಂದು ರಾತ್ರಿ ಪೂಜೆ ಮುಗಿಸಿ ಆ ಕಡತವನ್ನು ಬಿಚ್ಚಿದೆವು. ಎಲ್ಲಕ್ಕೂ ಕೆಳಗಿದ್ದುದು ಕೊನೆಯವಳಾಗಿ ಓದಿದ ಕಾಲೇಜು ವಿದ್ಯಾರ್ಥಿನಿಯ ಮೂರು ಪುಟದ ಗದ್ಯ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಫಲವಾಗಿ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ-ಪುತ್ತೂರಿನ ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ನೆಲೆಗೊಂಡುದನ್ನು ತಾವು ಬಲ್ಲಿರಿ. ಆ ಹುಡುಗಿ ಅಂಥ ಮನೆಯ ಮೂರನೆಯ ತಲೆಮಾರಿನವಳು. ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಹೋಗುವ ತಂದೆ. ತೊಗಟೆಯ ಮೇಲೆ ಓರೆಯಾಗಿ ಇಳಿಯುವ ಕತ್ತಿ. ಗೆರಟೆಗೆ ತೊಟ್ಟಿಕ್ಕುವ ಹಾಲು. ಆ ಹಾಲಿನ ನಾತ ಬಟ್ಟೆಗೆ ಅಂಟಿ ಶಾಲೆಯ ಬೆಂಚಿನವರೆಗೂ ಬರುವುದು. ಅಪ್ಪ ಮರಗಳನ್ನು ಎಣಿಸುವುದು ತಮಿಳಿನಲ್ಲಿ, ಕೂಲಿಯನ್ನು ಎಣಿಸುವುದು ಕನ್ನಡದಲ್ಲಿ, ಅಂಗಡಿಯಲ್ಲಿ ಚೌಕಾಶಿ ಮಾಡುವುದು ತುಳುವಿನಲ್ಲಿ ಎಂದು ಅವಳು ಬರೆದಿದ್ದಳು. ಆ ಒಂದು ಮಾತಿನಲ್ಲಿ ಈ ಸೀಮೆಯ ಬಾಳೆಲ್ಲ ಅಡಗಿತ್ತು. ಆ ದಿನ ಅದು ನಮ್ಮ ಎದುರಿನಲ್ಲಿಯೇ ನುಡಿಯಲ್ಪಟ್ಟಿತ್ತು. ನಾವು ಕೇಳಿರಲಿಲ್ಲ. ಉಳಿದ ಹನ್ನೆರಡು ಮಂದಿಯಲ್ಲಿ ಎಷ್ಟು ಜನ ಕೇಳಿದರೋ ತಿಳಿಯದು.

ಆದರೆ ಆ ಬರಹದ ಕೊನೆಯ ಭಾಗ ಹೀಗಿರಲಿಲ್ಲ. ದುಡಿಮೆಯೇ ದೇವರು, ದೇಶದ ಪ್ರಗತಿಗೆ ಶ್ರಮಿಕರೇ ಆಧಾರ ಎಂಬಂಥ ಭಾಷಣದ ವಾಕ್ಯಗಳು ಹತ್ತಾರು ಬಂದು ಸೇರಿಕೊಂಡಿದ್ದವು. ಅಷ್ಟು ಹೊತ್ತು ಕಣ್ಣಮುಂದೆ ಬದುಕಿದ್ದ ತಂದೆ ಅಲ್ಲಿ ಭಿತ್ತಿಪತ್ರದ ಚಿತ್ರವಾಗಿಬಿಟ್ಟಿದ್ದ.

ಎರಡು ತಿಂಗಳ ಬಳಿಕ ಯಾರಿಗೂ ತೊಂದರೆಯಾಗದಂತೆ, ಅಧ್ಯಕ್ಷತೆಯಿಲ್ಲದೆ, ಕೇವಲ ಕೇಳುಗರಾಗಿ ನಾವು ಮತ್ತೆ ಅಲ್ಲಿಗೆ ಹೋದೆವು. ಆ ಹುಡುಗಿಯನ್ನು ಕರೆದು ಮೊದಲು ಕ್ಷಮೆ ಕೇಳಿದೆವು. ಅನಂತರ ಕೊನೆಯ ಭಾಗದ ವಿಷಯ ಹೇಳಿದೆವು. ಅವಳು ಸ್ವಲ್ಪ ಅಂಜಿ, "ಸ್ವಾಮೀಜಿ, ಅದನ್ನು ನಾನು ಕಡೆಗೆ ಸೇರಿಸಿದ್ದು. ಸ್ಪರ್ಧೆಗೆ ಕಳಿಸಿದರೆ ಸಂದೇಶ ಎಲ್ಲಿದೆ ಅಂತ ಕೇಳುತ್ತಾರಲ್ಲ?" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಸಂದೇಶವೆಲ್ಲಿ ಎಂದು ಕೇಳುವವರು ಯಾರು? ಶಾಲೆಯ ಸ್ಪರ್ಧೆಗಳ ತೀರ್ಪುಗಾರರು, ಸಭೆಗಳ ಅಧ್ಯಕ್ಷರು, ಜಾತ್ರೆಯ ಕವಿಗೋಷ್ಠಿಗೆ ಮಠಗಳಿಂದ ಬರುವ ನಮ್ಮಂಥವರು. ಆ ಹುಡುಗಿಯ ಗದ್ಯದ ಬಾಲಕ್ಕೆ ಆ ಹತ್ತು ವಾಕ್ಯಗಳನ್ನು ಕಟ್ಟಿದವರಲ್ಲಿ ನಾವೂ ಸೇರಿದ್ದೇವೆ.

ವಾಚಕರೇ, ನಮ್ಮ ಪರಂಪರೆ ಹೀಗಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಪಾದಿಸಿ, ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ 'ಶೂನ್ಯಸಂಪಾದನೆ'ಯನ್ನು ಗೋಷ್ಠಿಯ ದೃಷ್ಟಿಯಿಂದ ಒಮ್ಮೆ ಓದಿ ನೋಡಿ. ಅಲ್ಲಿ ನಡೆಯುವ ಸಂಭಾಷಣೆಗಳು ಅಕ್ಷರಶಃ ಕಲ್ಯಾಣದಲ್ಲಿ ಹಾಗೆಯೇ ನಡೆದವೆಂದು ಚರಿತ್ರಕಾರರು ಒಪ್ಪುವುದಿಲ್ಲ. ವಚನಗಳನ್ನು ಸಂವಾದವಾಗಿ ಹೊಂದಿಸಿದವರು ಸಂಪಾದನಕಾರರು. ಆದರೆ ಅವರು ಸಂವಾದದ ರೂಪವನ್ನೇ ಏಕೆ ಆರಿಸಿಕೊಂಡರು ಎಂಬುದು ಮುಖ್ಯವಾದ ಪ್ರಶ್ನೆ. ಅವರ ಕಲ್ಪನೆಯ ಗೋಷ್ಠಿಯಲ್ಲಿ ಯಾರೂ ತಮ್ಮ ವಚನವನ್ನು ಹೇಳಿ ಎದ್ದುಹೋಗುವುದಿಲ್ಲ. ಒಂದು ವಚನ ಇನ್ನೊಂದಕ್ಕೆ ಉತ್ತರವಾಗಿಯೇ ಬರುತ್ತದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಹಾರ ಹಾಕಿ ಸನ್ಮಾನಿಸಿ ಕಳಿಸುವುದಿಲ್ಲ. ಕಠಿಣವಾದ ಪ್ರಶ್ನೆಗಳನ್ನು ಕೇಳುತ್ತಾರೆ. ಅವಳ ಉತ್ತರದಿಂದಲೇ ಅವಳ ಘನತೆ ಸಭೆಗೆ ತಿಳಿಯುತ್ತದೆ. ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಸತಿ ಲಕ್ಕಮ್ಮನೇ ತಿದ್ದುತ್ತಾಳೆ. ಅಲ್ಲಿ ಪ್ರಶ್ನಿಸುವುದು ಗೌರವದ ಲಕ್ಷಣ. ಮೌನವಾಗಿ ಚಪ್ಪಾಳೆ ತಟ್ಟುವುದು ಎಲ್ಲಿಯೂ ಕಾಣದು.

ಪ್ರಶ್ನಿಸುವ ಹಿರಿಯನೂ ತಪ್ಪಬಹುದೆಂಬುದಕ್ಕೆ ನಮ್ಮಲ್ಲಿಯೇ ಇನ್ನೊಂದು ಐತಿಹ್ಯವಿದೆ. ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ಬರೆದು ಸಭೆಯಲ್ಲಿ ಓದಿ ಮನ್ನಣೆ ಗಳಿಸಿ ಬಂದಾಗ, ಸೋದರಮಾವನೂ ಗುರುವೂ ಆದ ಹರಿಹರನು ಶಿವನನ್ನು ಬಿಟ್ಟು ನರನನ್ನು ಸ್ತುತಿಸಿದೆಯೆಂದು ಸಿಟ್ಟಾಗಿ ಹೊಡೆದನಂತೆ. ರಾಘವಾಂಕನ ಹಲ್ಲುಗಳು ಉದುರಿದುವಂತೆ. ಮುಂದೆ ಶರಣರ ಚರಿತೆಗಳನ್ನು ಬರೆದ ಮೇಲೆ ಅವು ಮರಳಿ ಬಂದುವಂತೆ. ಈ ಕಥೆಯನ್ನು ಗುರುಭಕ್ತಿಯ ದೃಷ್ಟಾಂತವಾಗಿ ನಾವೆಲ್ಲ ಹೇಳುತ್ತ ಬಂದಿದ್ದೇವೆ. ಆದರೆ ಕಾಲವೆಂಬ ವಿಮರ್ಶಕನು ಕೊಟ್ಟ ತೀರ್ಪೇನು? ಗುರು ಗದರಿದ ಆ ಕಾವ್ಯವೇ ರಾಘವಾಂಕನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಹೀಗಿರುವಾಗ ಹರಿಹರನು ಕಿವಿಗೊಡಲಿಲ್ಲವೆಂದು ಯಾರೂ ಹೇಳಲಾರರು. ಅವನು ಕೇಳಿದ, ಕೇಳಿದ್ದರಿಂದಲೇ ಸಿಟ್ಟಾದ. ತಪ್ಪು ತೀರ್ಪು ಕೊಟ್ಟ ಹರಿಹರನು, ಏನನ್ನೂ ಕೇಳದೆ ಶಾಲು ಹೊದಿಸುವ ಅಧ್ಯಕ್ಷನಿಗಿಂತ ಲೇಖಕನಿಗೆ ಹತ್ತಿರದವನು. ಇಷ್ಟು ಹೇಳಿ, ಹಲ್ಲುದುರಿಸುವ ವಿಮರ್ಶೆ ಬೇಡವೆಂದೂ ಸೇರಿಸುತ್ತೇವೆ. ಉದುರಿದ ಹಲ್ಲು ಎಲ್ಲರಿಗೂ ಮರಳಿ ಬರುವುದಿಲ್ಲ.

ಈ ಕರಾವಳಿಯ ನಾಡಿಗೂ ತನ್ನದೇ ಆದ ಮಾದರಿಗಳಿವೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು (1870-1901) ಮುದ್ದಣನೆಂಬ ಹೆಸರಿನಿಂದ ಪ್ರಸಿದ್ಧನಾದವನು. ತನ್ನ ಕೃತಿಗಳನ್ನು ಹೊಸಬನದೆಂದು ಹೇಳಿದರೆ ಯಾರೂ ಲಕ್ಷಿಸರೆಂಬ ಅಳುಕಿನಿಂದ ಹಳೆಯ ಕಾವ್ಯಗಳೆಂದು ಹೇಳಿ ಪತ್ರಿಕೆಗೆ ಕಳಿಸಿದ. ಕೇಳುವ ಸಭೆಯಿಲ್ಲದ ಆ ಕವಿ 'ಶ್ರೀರಾಮಾಶ್ವಮೇಧ'ದೊಳಗೆ ಮಾಡಿದುದೇನು? ಮನೋರಮೆಯೆಂಬ ಕೇಳುಗಳನ್ನು ತಾನೇ ಸೃಷ್ಟಿಸಿಕೊಂಡ. ಅವಳು ಸುಮ್ಮನೆ ತಲೆದೂಗುವವಳಲ್ಲ. ಯಾವ ಕಥೆಯೆಂದು ತಕರಾರು ಮಾಡುತ್ತಾಳೆ, ಸಂಸ್ಕೃತದ ಭಾರ ಹೆಚ್ಚಾದರೆ ತಡೆಯುತ್ತಾಳೆ, ಕೀಟಲೆ ಮಾಡುತ್ತಾಳೆ, ಮೆಚ್ಚಿದಲ್ಲಿ ಮೆಚ್ಚುತ್ತಾಳೆ. ಇಂದು ಮುದ್ದಣನ ಹೆಸರನ್ನು ಎತ್ತಿದರೆ ಜನಕ್ಕೆ ಅಶ್ವಮೇಧದ ಕುದುರೆಗಿಂತ ಮೊದಲು ನೆನಪಾಗುವುದು ಮನೋರಮೆಯೇ. ಕವಿಗೆ ಕೇಳುಗನು ಎಷ್ಟು ಅವಶ್ಯಕವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಲಕ್ಷಣಗ್ರಂಥವೂ ಹೇಳಿಲ್ಲ.

ತಾಳಮದ್ದಳೆಯ ವಿಷಯವನ್ನು ಐವರ್ನಾಡಿನವರಿಗೆ ನಾವು ಹೇಳಬೇಕಾಗಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಹಾಡಿದ ಪದ್ಯವೊಂದನ್ನು ಹಿಡಿದು ಅರ್ಥಧಾರಿಯು ಸ್ಥಳದಲ್ಲಿಯೇ ಮಾತನ್ನು ಕಟ್ಟುವ ಕಲೆಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಅರ್ಥಧಾರಿಗಳು ಬೆಳೆದುದು ಆ ಕೂಟಗಳಲ್ಲಿ. ಅಲ್ಲಿ ಎದುರಿನ ಪಾತ್ರಧಾರಿ ನಿಮ್ಮ ಮಾತನ್ನು ಕಿವಿಗೊಟ್ಟು ಕೇಳದಿದ್ದರೆ ಅವನಿಗೆ ತನ್ನ ಮಾತೇ ಹುಟ್ಟದು. ಕೇಳುವವರಲ್ಲಿ ಅಡಕೆ ಸುಲಿಯುವ ಕೂಲಿಯವನೂ ತರ್ಕ ತಪ್ಪಿದ ಕಡೆಯಲ್ಲಿ ಹುಬ್ಬೇರಿಸುತ್ತಾನೆ. ಇಷ್ಟು ಪಳಗಿದ ಕಿವಿಗಳಿರುವ ನಾಡಿನಲ್ಲಿ ಕವಿಗೋಷ್ಠಿ ಮಾತ್ರ ಕಿವುಡಾಗಿರುವುದೇಕೆ? ತಾಳಮದ್ದಳೆಗೆ ಹೋಗುವಾಗ ಜನ ಕೇಳಲು ಹೋಗುತ್ತಾರೆ. ಕವಿಗೋಷ್ಠಿಗೆ ಹೋಗುವಾಗ ಹೆಸರು ಹಚ್ಚಿಸಲು ಹೋಗುತ್ತಾರೆ. ಕಾರಣ ಇಷ್ಟೇ ಎಂದು ನಮಗೆ ತೋರುತ್ತದೆ.

ಸಣ್ಣ ಊರಿನಲ್ಲಿ ಇವೆಲ್ಲ ಸಾಧ್ಯವೇ ಎಂದು ಶಂಕಿಸುವವರು ವಿಜಯಪುರ ಜಿಲ್ಲೆಯ ಹಲಸಂಗಿಯನ್ನು ನೆನೆಯಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಕೆಲವೇ ತರುಣರು ಆ ಹಳ್ಳಿಯಲ್ಲಿ ಕೂಡಿ, ಒಬ್ಬರ ಬರಹವನ್ನು ಒಬ್ಬರು ಓದಿ, ಅದಕ್ಕಿಂತ ಮಿಗಿಲಾಗಿ ಬೀಸುವ ಕಲ್ಲಿನ ಮುಂದೆ ಹಾಡುವ ತಾಯಂದಿರ ಹಾಡಿಗೆ ಕಿವಿಗೊಟ್ಟರು. 1931ರಲ್ಲಿ ಬಂದ 'ಗರತಿಯ ಹಾಡು' ಆ ಕೇಳುವಿಕೆಯ ಫಲ. ಅದೇ ಕಾಲದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ವಿನಾಯಕ ಕೃಷ್ಣ ಗೋಕಾಕರು ವಿದ್ಯಾರ್ಥಿದೆಸೆಯಲ್ಲಿಯೇ ಬಂದು ಸೇರಿದರು. ಈ ಎರಡು ಕಡೆಗಳಲ್ಲಿಯೂ ಜನ ಕಡಿಮೆ, ಭೇಟಿ ಹೆಚ್ಚು. ಇಂದಿನ ನಮ್ಮ ಗೋಷ್ಠಿಗಳಲ್ಲಿ ಜನ ಹೆಚ್ಚು, ಭೇಟಿ ಮೂರು ನಿಮಿಷದ್ದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಆ ಅಧ್ಯಾಪಕರೇ ನಮ್ಮೆದುರು ಇದನ್ನು ಎತ್ತಿದರು: "ಬುದ್ಧಿ, ಇವರಲ್ಲಿ ಹಲವರು ಜೀವಮಾನದಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತವರು. ಆ ಬೀಡಿ ಕಟ್ಟುವ ಅಕ್ಕ ಕೈ ನಡುಗುತ್ತಿದ್ದರೂ ಓದಿದರು. ಅವರಿಗೆ ಅಲ್ಲಿಯೇ ತಪ್ಪು ತೋರಿಸಿದರೆ ಮುಂದಿನ ತಿಂಗಳು ಬರುತ್ತಾರೆಯೆ? ಹೆಸರು ಕಡಿಮೆ ಮಾಡಿದರೆ ಬಿಟ್ಟುಹೋದವರು ನೊಂದುಕೊಳ್ಳುವುದಿಲ್ಲವೆ?" ಈ ಮಾತು ಹಗುರಾದುದಲ್ಲ. ಬಾಯಿಲ್ಲದವರಿಗೆ ಬಾಯಿ ಬರುವುದು ಎಲ್ಲ ಸಾಹಿತ್ಯಕ್ಕೂ ಮೊದಲಿನ ಪುಣ್ಯಕಾರ್ಯ. ಆ ಹೆಣ್ಣುಮಗಳು ಕವಿಯಾಗದಿದ್ದರೂ ಸಭೆಯಲ್ಲಿ ನಿಂತು ಓದಿದುದು ಅವಳ ಬಾಳಿನಲ್ಲಿ ಉಳಿಯುತ್ತದೆ. ಅದನ್ನು ಅಲ್ಲಗಳೆಯುವ ವಿಮರ್ಶೆಗೆ ಹೃದಯವಿಲ್ಲ.

ಆದರೂ ನಮ್ಮ ಉತ್ತರ ಇದು. ಧೈರ್ಯ ಕೊಡುವುದು ಬೇರೆ, ಮೋಸ ಮಾಡುವುದು ಬೇರೆ. ಎಲ್ಲರಿಗೂ ಒಂದೇ ಪ್ರಮಾಣಪತ್ರ, ಒಂದೇ ಚಪ್ಪಾಳೆ ಎಂದಾಗ, ಚೆನ್ನಾಗಿ ಬರೆದವರಿಗೆ ತಾವು ಚೆನ್ನಾಗಿ ಬರೆದೆವೆಂದು ತಿಳಿಯುವ ದಾರಿಯೇ ಇಲ್ಲ. ಬೀಡಿ ಕಟ್ಟುವ ಅಕ್ಕನಿಗೆ ಬೇಕಾಗಿದ್ದುದು ಹೊಗಳಿಕೆಯೇ ಎಂದು ನಾವು ಏಕೆ ಊಹಿಸಬೇಕು? ಬೀಡಿಯ ಕಟ್ಟು ಸಡಿಲವಾದರೆ ಎಣಿಸುವವನು ಒಡನೆಯೇ ತೆಗೆದಿಡುತ್ತಾನೆಂಬುದನ್ನು ಅವಳು ಚೆನ್ನಾಗಿ ಬಲ್ಲಳು. ತನ್ನ ಕಾಯಕದಲ್ಲಿ ದಿನವೂ ಪರೀಕ್ಷೆಗೆ ಒಳಗಾಗುವವಳ ಕವಿತೆಯನ್ನು ಪರೀಕ್ಷೆಗೆ ಯೋಗ್ಯವಲ್ಲವೆಂದು ಬಿಟ್ಟುಬಿಡುವುದು ದಯೆಯ ವೇಷದ ಅನಾದರವಲ್ಲವೆ? ಸಾಹಿತ್ಯವೂ ಒಂದು ಕಾಯಕವೆಂದು ನಂಬುವವರಾದರೆ ಕಾಯಕಕ್ಕೆ ಸಲ್ಲುವ ಶುದ್ಧಿಯ ವಿಚಾರಣೆ ಅದಕ್ಕೂ ಸಲ್ಲಬೇಕು. ಆ ವಿಚಾರಣೆ ಮೆಲುದನಿಯಲ್ಲಿ ನಡೆಯಲಿ, ಮೊದಲು ಗುಣವನ್ನು ಹೇಳಿ ಅನಂತರ ದೋಷವನ್ನು ಹೇಳಲಿ, ಬೇಕಾದರೆ ಸಭೆಯಾದ ಮೇಲೆ ಜಗಲಿಯಲ್ಲಿ ಕುಳಿತು ನಡೆಯಲಿ. ನಡೆಯದೆ ಮಾತ್ರ ಇರಬಾರದು.

ಅಧ್ಯಾಪಕರೊಡನೆ ಕುಳಿತು ಮಾತನಾಡಿ ಕೆಲವು ಮಾರ್ಪಾಡುಗಳನ್ನು ಸೂಚಿಸಿದೆವು. ಒಂದು ಗೋಷ್ಠಿಗೆ ಓದುಗರು ಆರು ಮಂದಿಯನ್ನು ಮೀರಬಾರದು. ಉಳಿದವರು ಮುಂದಿನ ತಿಂಗಳುಗಳಲ್ಲಿ ಸರದಿಯಂತೆ ಓದಲಿ. ಒಮ್ಮೆ ಓದಬೇಕೆನ್ನುವವನು ಅದಕ್ಕೆ ಮುಂಚೆ ಎರಡು ಸಲವಾದರೂ ಕೇಳುಗನಾಗಿ ಬಂದಿರಬೇಕು. ಪ್ರತಿಯೊಬ್ಬನ ಓದಿಗೂ ಒಬ್ಬ ಕೇಳುಗನನ್ನು ಮೊದಲೇ ಗೊತ್ತುಮಾಡಿ, ಹಸ್ತಪ್ರತಿಯನ್ನು ಅವನಿಗೆ ವಾರದ ಮುಂಚೆ ಕೊಟ್ಟು, ಓದಿನ ಬಳಿಕ ಮನಸ್ಸಿಗೆ ನಾಟಿದ ಒಂದು ಸ್ಥಳವನ್ನೂ ನಾಟದ ಒಂದು ಸ್ಥಳವನ್ನೂ ಹೇಳಿಸಬೇಕು. ತಿದ್ದಿದ ಬರಹವನ್ನು ಮತ್ತೊಮ್ಮೆ ಓದಲು ಅವಕಾಶವಿರಬೇಕು. ಎರಡನೆಯ ಓದಿಗೆ ಮೊದಲನೆಯದಕ್ಕಿಂತ ಹೆಚ್ಚು ಗೌರವ ಸಲ್ಲಬೇಕು. ಶಾಲು, ಹಾರ, ಪ್ರಮಾಣಪತ್ರಗಳ ಹಣದಿಂದ ಪುಸ್ತಕಗಳನ್ನು ಕೊಂಡು ಓದಿದವರಿಗೆ ಕೊಡಬೇಕು. ಅಧ್ಯಕ್ಷನೊಬ್ಬನು ಬೇಕೇ ಬೇಕೆಂದಾದರೆ ಅವನು ಬರೆದು ತಂದ ಭಾಷಣವನ್ನು ಬಾಗಿಲಲ್ಲಿಯೇ ಇಸಿದುಕೊಳ್ಳಬೇಕು. ಈ ಕೊನೆಯ ಸೂಚನೆಗೆ ಅಧ್ಯಾಪಕರು ನಕ್ಕರು. ನಾವು ನಗಲಿಲ್ಲ.

ಆರು ಜನರ ಗೋಷ್ಠಿ ಮೊದಲ ಸಲ ನಡೆದಾಗ ಬಂದವರು ಹತ್ತೊಂಬತ್ತು ಮಂದಿ. ಕಡೆಯ ಓದಿನವರೆಗೂ ಹತ್ತೊಂಬತ್ತು ಮಂದಿಯೂ ಇದ್ದರು. ರಬ್ಬರ್ ತೋಟದ ಹುಡುಗಿ ತನ್ನ ಗದ್ಯವನ್ನು ತಿದ್ದಿ ತಂದಿದ್ದಳು. ಸಂದೇಶದ ವಾಕ್ಯಗಳೆಲ್ಲ ಹೋಗಿದ್ದವು. ತಂದೆ ಗೆರಟೆಗಳನ್ನು ಮಗುಚಿ ಇಟ್ಟು ಮನೆಗೆ ಬರುವಲ್ಲಿಗೆ ಬರಹ ನಿಂತಿತ್ತು. ಹಿರಿಯ ಕೃಷಿಕರೊಬ್ಬರು ಎದ್ದು, ಮಳೆ ಬಂದ ದಿನ ಕತ್ತಿ ಹಾಕುವುದಿಲ್ಲವಾದ್ದರಿಂದ ನೀನು ಹೇಳಿದ ಜಡಿಮಳೆಯ ಬೆಳಗಿನಲ್ಲಿ ಹಾಲು ತುಂಬಿದ್ದು ಹೇಗೆ ಎಂದು ಕೇಳಿದರು. ಅವಳು ನಾಚಿ, ಅದು ತಪ್ಪೆಂದು ಒಪ್ಪಿಕೊಂಡು ಗುರುತುಹಾಕಿಕೊಂಡಳು. ನಾವೂ ಒಂದು ಮಾತು ಹೇಳಿದೆವು: ಅಜ್ಜಿ ಸಿಂಹಳದಿಂದ ಹಡಗಿನಲ್ಲಿ ಬಂದ ನೆನಪಿನ ಭಾಗ ಕಥೆಯ ಓಟವನ್ನು ತಡೆಯುತ್ತದೆ, ತೆಗೆದರೆ ಒಳಿತು ಎಂದು. ಹುಡುಗಿ ತುಸು ಹೊತ್ತು ಸುಮ್ಮನಿದ್ದು, "ಇಲ್ಲ ಸ್ವಾಮೀಜಿ. ಅಪ್ಪ ಮರಗಳನ್ನು ತಮಿಳಿನಲ್ಲಿ ಎಣಿಸುವುದು ಅಜ್ಜಿಯಿಂದಾಗಿ. ಅದನ್ನು ತೆಗೆದರೆ ಆ ಮಾತು ಸುಮ್ಮನೆ ಚಂದಕ್ಕೆ ಬರೆದ ಹಾಗೆ ಆಗುತ್ತದೆ" ಎಂದಳು.

ಮನೆಗೆ ಮರಳುವ ದಾರಿಯುದ್ದಕ್ಕೂ ಆ ಉತ್ತರವನ್ನು ಯೋಚಿಸಿದೆವು. ಅವಳು ಹೇಳಿದುದೇ ಸರಿ. ಆ ಸಭೆಯಲ್ಲಿ ಹರಿಹರನ ಕೆಲಸವನ್ನು ನಾವು ಮಾಡಿದ್ದೆವು. ಅವಳು ಹಲ್ಲನ್ನು ಉಳಿಸಿಕೊಂಡು ಉತ್ತರ ಕೊಟ್ಟಳು. ಎರಡು ತಿಂಗಳ ಹಿಂದೆ ಸಂದೇಶವೆಲ್ಲಿ ಎನ್ನುವವರಿಗೆ ಅಂಜಿದವಳು ಇಂದು ಕಾವಿಯುಟ್ಟವನ ಎದುರಿಗೆ ತನ್ನ ಬರಹದ ಪರವಾಗಿ ಮಾತನಾಡಿದಳು. ಲೇಖಕನು ಹುಟ್ಟುವುದು ಈ ಗಳಿಗೆಯಲ್ಲಿ. ಅದಕ್ಕೆ ಎದುರಿನಲ್ಲಿ ಯಾರಾದರೊಬ್ಬರು ನಿಜವಾಗಿ ಕೇಳಿ, ನಿಜವಾಗಿ ಪ್ರಶ್ನಿಸಿರಬೇಕು. ಪ್ರಶ್ನೆ ತಪ್ಪಾಗಿದ್ದರೂ ಚಿಂತೆಯಿಲ್ಲ.

ನಮ್ಮ ಮಠಗಳು ಜಾತ್ರೆ, ಪುಣ್ಯಾರಾಧನೆಗಳಲ್ಲಿ ಕವಿಗೋಷ್ಠಿಗಳನ್ನು ಏರ್ಪಡಿಸುತ್ತವೆ. ಅಲ್ಲಿಯೂ ಐವತ್ತು ಕವಿಗಳು, ಐವತ್ತು ಶಾಲುಗಳು. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡವೋಲೆಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದಾಗ, ಮೂಲೆಯಲ್ಲಿ ಬಿದ್ದಿದ್ದ ದನಿಗಳನ್ನು ನಾಡು ಕೇಳಿಸಿಕೊಂಡಿತು. ಹಳೆಯ ಓಲೆಗೆ ಸಂದ ಆ ಲಕ್ಷ್ಯ ಇಂದು ಹುಡುಗಿಯೊಬ್ಬಳ ಮೂರು ಹಾಳೆಗೂ ಸಲ್ಲಬೇಡವೆ? ಮಠದ ಹಳೆಯ ವಿದ್ಯಾರ್ಥಿಗಳಾದ ತಾವು ನಾಡಿನ ಮೂಲೆಮೂಲೆಯಲ್ಲಿದ್ದೀರಿ. ತಮ್ಮೂರಿನಲ್ಲಿ ಇಂಥ ಗೋಷ್ಠಿ ನಡೆಯುವುದಾದರೆ, ಹೆಸರು ಕೊಡಲು ಅವಸರ ಮಾಡದೆ, ಒಂದು ಸಂಜೆ ಹಿಂದಿನ ಸಾಲಿನಲ್ಲಿ ಕುಳಿತು ಕೊನೆಯವರ ಓದು ಮುಗಿಯುವವರೆಗೂ ಇರಿ. ಎದ್ದುಹೋಗುವ ಮೊದಲು ಅವರ ಬಳಿಗೆ ಹೋಗಿ, ಕೇಳಿದುದರಲ್ಲಿ ಮನಸ್ಸಿನಲ್ಲಿ ಉಳಿದ ಒಂದು ಮಾತನ್ನು ಅವರಿಗೆ ಹೇಳಿ. ನಮ್ಮ ಮಠದ ಮುಂದಿನ ಜಾತ್ರೆಯ ಗೋಷ್ಠಿಯಲ್ಲಿ ಓದುವವರು ಆರೇ ಮಂದಿ. ನಾವು ಕೆಳಗೆ, ತಮ್ಮ ನಡುವೆ ಕುಳಿತಿರುತ್ತೇವೆ.